ಸಾಲ್ಮನ್, ಸ್ಟೀಲ್‌ಹೆಡ್ ಹಿಡಿಯಲು ಗೈಡ್ ಜತೆ ಹೊಳೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಮುಗಿಯುತ್ತಾ ಬಂದ ಹಾಗೆ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್ ಕಡೆಯ ಕನ್ನಡದವರು. "ಈ ಸಲ ಸಾಲ್ಮನ್ ಹಿಡಿಯೋಕೆ ಹೋಗ್ಲೇಬೇಕು ಮಾರಾಯ್ರೇ, ಎಲ್ಲಿಂದ ಶುರು ಮಾಡೋದು?" ನಾನು ಗೈಡ್ ಅಲ್ಲ. ತೀರ್ಥಹಳ್ಳಿ ಕಡೆಯವನು, ಹೊಟ್ಟೆಪಾಡಿಗೆ ಕಂಪ್ಯೂಟರು, ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಬೇರೆಯವರ ದೋಣಿ ಹತ್ತಿ ದುಡ್ಡು ಸುರಿದು ಕಲಿತವನು. ಅದದೇ ಉತ್ತರ ಹೇಳಿ ಬಾಯಿ ನೋಯುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಸಾಲ್ಮನ್ನೂ ಸ್ಟೀಲ್‌ಹೆಡ್ಡೂ ಒಂದೇನಾ?

ನೆಂಟರು, ಆದರೆ ಒಂದೇ ಅಲ್ಲ. ಇಲ್ಲಿನ ಸಾಲ್ಮನ್ ಐದು ಬಗೆ. ಸಿಯಾಟಲ್‌ನ ಶಾಲೆಮಕ್ಕಳು ಅದನ್ನು ಅಂಗೈಯಲ್ಲೇ ಎಣಿಸುತ್ತಾರೆ: ಹೆಬ್ಬೆರಳು ಚಮ್, ಕಣ್ಣಿಗೆ ಚುಚ್ಚುವಂಥ ತೋರುಬೆರಳು ಸಾಕ್‌ಐ, ಎಲ್ಲರಿಗಿಂತ ಉದ್ದದ ನಡುಬೆರಳು ಕಿಂಗ್, ಉಂಗುರದ ಬೆರಳು ಸಿಲ್ವರ್, ಕಿರುಬೆರಳು ಪಿಂಕ್. ಕಿಂಗ್ ಅಂದರೆ ಚಿನೂಕ್, ಸಿಲ್ವರ್ ಅಂದರೆ ಕೋಹೋ. ಐದೂ ಸಿಹಿನೀರಲ್ಲಿ ಹುಟ್ಟಿ, ಕಡಲಿಗಿಳಿದು ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ವಾಪಸ್ ಹತ್ತಿ ಬರುತ್ತವೆ. ಮೊಟ್ಟೆಯಿಟ್ಟ ಮೇಲೆ ಅಲ್ಲೇ ಸಾಯುತ್ತವೆ.

ಮಲೆನಾಡಿನವರಿಗೆ ಇಷ್ಟೆಲ್ಲ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ಮೀನು ನೆನಪಿಸಿಕೊಳ್ಳಿ. ಅದೇ ಹುಚ್ಚು. ವ್ಯತ್ಯಾಸ ಏನೆಂದರೆ ಹತ್ಮೀನು ಅರ್ಧ ಮೈಲಿ ಹತ್ತಿದರೆ ಇದು ಕಡಲಿಂದ ನೂರಾರು ಮೈಲಿ ಹತ್ತುತ್ತದೆ.

ಸ್ಟೀಲ್‌ಹೆಡ್ ಅಂದರೆ ಕಡಲಿಗೆ ಹೋಗಿಬಂದ ರೇನ್‌ಬೋ ಟ್ರೌಟ್. ಊಟಿ ಹತ್ತಿರದ ಅವಲಾಂಚಿಯಲ್ಲಿ ಬ್ರಿಟಿಷರ ಕಾಲದಿಂದ ಇರುವ ಟ್ರೌಟ್ ಇದೆಯಲ್ಲ, ಅದೇ ಜಾತಿ. ಅದು ತಣ್ಣನೆ ತೊರೆ ಬಿಟ್ಟು ಹೋಗಲಿಲ್ಲ, ಇದು ಪೆಸಿಫಿಕ್ ಸುತ್ತಿ ಬಂತು. ಸ್ಟೀಲ್‌ಹೆಡ್ ಮೊಟ್ಟೆಯಿಟ್ಟ ತಕ್ಷಣ ಸಾಯಲೇಬೇಕೆಂದಿಲ್ಲ. ಕೆಲವು ಮತ್ತೆ ಕಡಲಿಗಿಳಿದು ಇನ್ನೊಂದು ವರ್ಷ ಬರುತ್ತವೆ. 1969ರಿಂದ ಇದು ವಾಷಿಂಗ್ಟನ್ನಿನ ರಾಜ್ಯಮೀನು.

ಯಾವ ತಿಂಗಳಲ್ಲಿ ಹೋಗಬೇಕು?

ಯಾವ ಮೀನು ಅನ್ನುವುದರ ಮೇಲೆ. "ಸಾಲ್ಮನ್ ಸೀಸನ್" ಅಂತ ಒಂದೇ ಒಂದಿಲ್ಲ. ನಮ್ಮಲ್ಲಿ ಮಾವಿನಹಣ್ಣಿನ ಕಾಲ ಅಂದರೂ ಮಲ್ಲಿಕಾ ಬೇರೆ, ಅಪ್ಪೆಮಿಡಿ ಬೇರೆ ಇರುವ ಹಾಗೆ.

ಏಪ್ರಿಲ್, ಮೇ ತಿಂಗಳಲ್ಲಿ ಕೊಲಂಬಿಯಾ ನದಿ ಮತ್ತು ಅದರ ಉಪನದಿಗಳಿಗೆ ಸ್ಪ್ರಿಂಗ್ ಚಿನೂಕ್ ಬರುತ್ತದೆ. ತಿನ್ನಲು ಅದಕ್ಕಿಂತ ರುಚಿಯ ಸಾಲ್ಮನ್ ಇಲ್ಲ ಅಂತ ಬಲ್ಲವರು ಹೇಳುತ್ತಾರೆ, ನನ್ನದೂ ಒಪ್ಪಿಗೆ. ಜೂನ್, ಜುಲೈನಲ್ಲಿ ಕೌಲಿಟ್ಸ್, ಸ್ಕೈಕೋಮಿಷ್ ಹೊಳೆಗಳಲ್ಲಿ ಬೇಸಿಗೆಯ ಸ್ಟೀಲ್‌ಹೆಡ್. ಬೆಸ ಸಂಖ್ಯೆಯ ವರ್ಷಗಳಲ್ಲಿ, ಅಂದರೆ 2023, 2025, ಮುಂದೆ 2027ರಲ್ಲಿ, ಆಗಸ್ಟ್ ಕೊನೆಯಿಂದ ಪ್ಯೂಜೆಟ್ ಸೌಂಡ್‌ಗೆ (ಸಿಯಾಟಲ್ ಎದುರಿನ ಕಡಲ ಚಾಚು) ಸೇರುವ ಹೊಳೆಗಳಿಗೆ ಪಿಂಕ್ ಸಾಲ್ಮನ್ ಲಕ್ಷಗಟ್ಟಲೆ ನುಗ್ಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಗಾಳ ಹಿಡಿದೇ ಗೊತ್ತಿಲ್ಲದವರಿಗೆ ನಾನು ಕೊಡುವ ಸಲಹೆ ಇದೊಂದೇ: ಬೆಸ ವರ್ಷ, ಪಿಂಕ್. ಮೀನು ಮೂರ್ನಾಲ್ಕು ಪೌಂಡು, ಆದರೆ ಕೈಬೀಸಿ ಕರೆದರೆ ಬರುವಷ್ಟು ಇರುತ್ತದೆ.

ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗೆ ಕೋಹೋ. ನವೆಂಬರಿಗೆ ಚಮ್. ಡಿಸೆಂಬರಿನಿಂದ ಮಾರ್ಚ್‌ವರೆಗೆ ಚಳಿಗಾಲದ ಸ್ಟೀಲ್‌ಹೆಡ್. ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ ಹೆಚ್ಚಾಗಿ ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆ ಮರಿಮಾಡಿ ಸಾಕುವ ಕೇಂದ್ರದಲ್ಲಿ, ಹುಟ್ಟಿದ ಮೀನು; ಫೆಬ್ರವರಿ, ಮಾರ್ಚ್‌ಗೆ ಹೊಳೆಯಲ್ಲೇ ತಾನಾಗಿ ಹುಟ್ಟಿದ ಕಾಡು ಮೀನು, ದೊಡ್ಡವು, ಇಪ್ಪತ್ತು ಪೌಂಡು ದಾಟುವಂಥವೂ ಆಗೀಗ.

ಸ್ಟೀಲ್‌ಹೆಡ್ ಅಂದರೆ ಎಲ್ಲರೂ ಫೋರ್ಕ್ಸ್ ಅನ್ನುತ್ತಾರೆ, ಯಾಕೆ?

ಒಲಿಂಪಿಕ್ ಪರ್ಯಾಯದ್ವೀಪದ ಪಶ್ಚಿಮದ ಅಂಚಿನ ಪುಟ್ಟ ಊರು ಅದು. ಮರ ಕಡಿಯುವವರ ಊರು. ಸುತ್ತ ಸೋಲ್ ಡಕ್, ಬೋಗಶೀಲ್, ಕಲಾವಾ, ಹೋ ಹೊಳೆಗಳು ಕೈಗೆಟುಕುವಷ್ಟು ಹತ್ತಿರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ. ಮೊದಲ ಸಲ ಹೋದಾಗ ಪಾಚಿಗಟ್ಟಿದ ಮರ, ಹಸಿ ಮಣ್ಣಿನ ವಾಸನೆ, ಬಿಡದೆ ಸುರಿಯುವ ಜಡಿಮಳೆ ನೋಡಿ ಆಗುಂಬೆ ಘಾಟಿಗೇ ಬಂದೆನೇನೋ ಅನ್ನಿಸಿತ್ತು. ಚಳಿ ಮಾತ್ರ ಬೇರೆ. ಸಿಯಾಟಲ್‌ನಿಂದ ಫೆರಿ ಹಿಡಿದು ನಾಲ್ಕು ಗಂಟೆ ದಾರಿ. ಹಿಂದಿನ ರಾತ್ರಿಯೇ ಹೋಗಿ ಮಲಗಿ. ಬೆಳಗಿನ ಜಾವ ಇಲ್ಲಿಂದ ಹೊರಟು ಹೋಗಿ ಮೀನು ಹಿಡಿದು ಬರುತ್ತೇನೆ ಅನ್ನುವವರು ವಾಪಸ್ ಬರುವಾಗ ಸ್ಟೀರಿಂಗ್ ಮೇಲೆ ತೂಕಡಿಸುತ್ತಾರೆ.

ಗೈಡ್ ಬೇಕೇ ಬೇಕಾ? ಯೂಟ್ಯೂಬ್ ನೋಡಿ ಕಲಿಯಬಹುದಲ್ಲ?

ಪಿಂಕ್‌ಗೆ ಬೇಡ. ಅಂಗಡಿಗೆ ಹೋಗಿ ಗಾಳದ ಕೋಲು ತಂದು ದಡದಲ್ಲಿ ನಿಂತರೆ ಸಾಕು. ಕೋಹೋಗೆ ಇದ್ದರೆ ಒಳ್ಳೆಯದು. ಚಳಿಗಾಲದ ಸ್ಟೀಲ್‌ಹೆಡ್‌ಗೆ ಮೊದಲ ಎರಡು ಮೂರು ಸಲವಾದರೂ ಬೇಕು.

ಗೈಡ್ ಅಂದರೆ ಗಾಳಕ್ಕೆ ಎರೆ ಸಿಕ್ಕಿಸಿಕೊಡುವವನು ಅಂದುಕೊಂಡಿದ್ದರೆ ತಪ್ಪು. ಅವನ ಬಂಡವಾಳ ನೀರನ್ನು ಓದುವುದು. ಎರಡೂ ತುದಿ ಮೇಲಕ್ಕೆ ಬಾಗಿದ ಡ್ರಿಫ್ಟ್ ಬೋಟ್ ಇರುತ್ತದೆ, ಎಂಜಿನ್ ಇಲ್ಲ. ನೀವಿಬ್ಬರು ಮುಂದೆ, ಅವನು ನಡುವೆ ಹುಟ್ಟು ಹಿಡಿದು. ದೋಣಿ ಹೊಳೆಯ ಜತೆ ಓಡಬಾರದು, ಹೊಳೆಗಿಂತ ನಿಧಾನ ಇಳಿಯಬೇಕು. ಅದಕ್ಕೆ ಅವನು ಇಡೀ ದಿನ ಹರಿವಿಗೆ ಎದುರಾಗಿ ಹುಟ್ಟು ಹಾಕುತ್ತಲೇ ಇರುತ್ತಾನೆ. ಬೆಳಿಗ್ಗೆ ಒಂದು ಕಡೆ ಇಳಿಸಿದ ದೋಣಿ ಸಂಜೆ ಎಂಟು ಹತ್ತು ಮೈಲಿ ಕೆಳಗೆ ದಡ ಸೇರುತ್ತದೆ. ಅಷ್ಟರಲ್ಲಿ ಅವನ ಗಾಡಿ ಟ್ರೇಲರ್ ಸಮೇತ ಅಲ್ಲಿಗೆ ಬಂದು ನಿಂತಿರುತ್ತದೆ, ಅದಕ್ಕೆಂದೇ ಊರಲ್ಲಿ ಜನ ಇದ್ದಾರೆ.

ನನಗೆ ಬರೀ ನೀರು ಕಾಣುವ ಕಡೆ ಅವನಿಗೆ ಮೀನು ನಿಲ್ಲುವ ಜಾಗ ಕಾಣುತ್ತದೆ. ಓಡುವ ನೀರೂ ನಿಂತ ನೀರೂ ತಾಗುವ ಗೆರೆ, ಎಮ್ಮೆಗಾತ್ರದ ಬಂಡೆಯ ಹಿಂದಿನ ಮರೆ, ಮಡು ಮುಗಿದು ಆಳ ಕಡಿಮೆಯಾಗುವ ಅಂಚು. ಮೂರಾಳುದ್ದ ಪಕ್ಕಕ್ಕೆ ಗಾಳ ಬಿದ್ದರೆ ದಿನವೆಲ್ಲ ಕೂತರೂ ಏನಿಲ್ಲ.

ಮೀನಿಗೆ ಏನು ತಿನ್ನಿಸುತ್ತಾರೆ?

ತಮಾಷೆ ಅಂದರೆ ಹೊಳೆ ಹತ್ತುವ ಸಾಲ್ಮನ್ ತಿನ್ನುವುದೇ ಇಲ್ಲ ಅನ್ನಬಹುದು. ಕಡಲಲ್ಲಿ ತಿಂದ ಕೊಬ್ಬಿನ ಮೇಲೆ ಬದುಕಿರುತ್ತದೆ. ಕಣ್ಣೆದುರು ಮಿಂಚಿದ್ದನ್ನು ಸಿಟ್ಟಿಗೋ ಹಳೆಯ ಚಾಳಿಗೋ ಕಚ್ಚುತ್ತದೆ. ಅದಕ್ಕೇ ತಿರುಗುವ ತಗಡಿನ ಸ್ಪಿನ್ನರು, ಎಳೆದೆಳೆದು ಕುಣಿಸುವ ಜಿಗ್, ಉಪ್ಪು ಹಾಕಿ ಹದ ಮಾಡಿದ ಮೀನಿನ ಮೊಟ್ಟೆ. ಸ್ಟೀಲ್‌ಹೆಡ್ ಸ್ವಲ್ಪ ತಿನ್ನುತ್ತದೆ, ಸಾಲ್ಮನ್ ಇಟ್ಟ ಮೊಟ್ಟೆಗಳೆಂದರೆ ಅದಕ್ಕೆ ಪ್ರಾಣ. ಮೊಟ್ಟೆಯಂತೆಯೇ ಕಾಣುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮಣಿಯನ್ನು ಬೆಂಡಿನ ಕೆಳಗೆ ಕಟ್ಟಿ ತೇಲಿಬಿಡುತ್ತಾರೆ. ಬೆಂಡು ಮುಳುಗಿದರೆ ಕೋಲು ಎತ್ತಿ. ಇಷ್ಟೇ ವಿದ್ಯೆ.

ಎಷ್ಟು ಖರ್ಚು?

ಇಬ್ಬರಿಗೆ ದಿನಕ್ಕೆ ಐನೂರು ಡಾಲರ್ ಸುತ್ತಮುತ್ತ ಇಟ್ಟುಕೊಳ್ಳಿ, ಹೆಚ್ಚೂ ಆಗಬಹುದು. ಕೋಲು, ರೀಲು, ಎರೆ ಅವರದೇ. ಲೈಸೆನ್ಸು, ಊಟ, ರೂಮು ನಿಮ್ಮದು. ಟಿಪ್ ಶೇಕಡ 15ರಿಂದ 20. ಮೀನು ಸಿಗಲಿಲ್ಲ ಅಂತ ಟಿಪ್ ಕೊಡದೆ ಬರುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮೀನು ಸಿಗದ ದಿನ ಅವನು ಹುಟ್ಟು ಹಾಕಿದ್ದು ಹೆಚ್ಚೇ.

ಒಳ್ಳೆಯ ಗೈಡನ್ನು ಗುರುತಿಸುವುದು ಹೇಗೆ?

ರಾಜ್ಯದ ಗೈಡ್ ಲೈಸೆನ್ಸು, ವಿಮೆ, ಪ್ರಥಮ ಚಿಕಿತ್ಸೆಯ ತರಬೇತಿ ಇವೆಯೇ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವನು ಬೇಡ. ಮೋಟರ್ ದೋಣಿಯಾದರೆ ಕೋಸ್ಟ್ ಗಾರ್ಡ್ ಲೈಸೆನ್ಸು ಕೂಡ. ಇದು ಕಾಗದದ ಮಾತು. ನಾನು ಕಲಿತ ಪರೀಕ್ಷೆ ಬೇರೆ: ಫೋನಿನಲ್ಲಿ "ಮೀನು ಗ್ಯಾರಂಟಿ" ಅಂದವನ ಹತ್ತಿರ ಹೋಗಬೇಡಿ.

ನನ್ನ ಎರಡನೇ ವರ್ಷ ಅಂಥ ಒಬ್ಬ ಸಿಕ್ಕಿದ್ದ. ಹ್ಯಾಚರಿಯ ಬಾಯಲ್ಲಿ ಇನ್ನೂ ಆರು ದೋಣಿಗಳ ನಡುವೆ ಲಂಗರು ಹಾಕಿ ಕೂತ, ಫೋನು ನೋಡಿದ. ಮಧ್ಯಾಹ್ನಕ್ಕೆ ನನ್ನ ಗೆಳೆಯನಿಗೆ ಒಂದು ಕಾಡು ಸ್ಟೀಲ್‌ಹೆಡ್ ಬಿತ್ತು. ಕಾನೂನಿನ ಪ್ರಕಾರ ನೀರಿಂದ ಎತ್ತಬಾರದ ಅದನ್ನು ಆ ಗೈಡ್ ದೋಣಿಯೊಳಕ್ಕೆ ಎಳೆದು ಹಾಕಿ, "ಎತ್ತಿ ಹಿಡಿ, ಫೋಟೋ ತೆಗಿತೀನಿ, ಇಲ್ಲಿ ಯಾರು ನೋಡ್ತಾರೆ?" ಅಂದ. ಮೀನು ದೋಣಿಯ ತಳಕ್ಕೆ ಬಡಿದುಕೊಳ್ಳುತ್ತಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ದುಡ್ಡು ಕೊಟ್ಟು ಬಂದೆವು, ಮತ್ತೆ ಹೋಗಲಿಲ್ಲ.

ಲೈಸೆನ್ಸ್ ಯಾರಿಗೆ ಬೇಕು? ಊರಿಂದ ಬಂದ ಅಪ್ಪನಿಗೂ ಬೇಕಾ?

ಹದಿನೈದು ವರ್ಷ ತುಂಬಿದ, ಗಾಳ ಮುಟ್ಟುವ ಎಲ್ಲರಿಗೂ ಬೇಕು. ಅಪ್ಪನಿಗೆ ಹೊರರಾಜ್ಯದವರ ದರ. ಒಂದು, ಎರಡು, ಮೂರು ದಿನದ ತಾತ್ಕಾಲಿಕ ಲೈಸೆನ್ಸ್ ಸಿಗುತ್ತದೆ, ಅದು ಸಾಕು. ಬರೀ ದೋಣಿಯಲ್ಲಿ ಕೂತು ನೋಡುವುದಾದರೆ ಏನೂ ಬೇಡ. ಆದರೆ "ಒಂದು ನಿಮಿಷ ಹಿಡ್ಕೊಳ್ಳಿ ಅಪ್ಪಾಜಿ" ಅಂತ ಕೋಲು ಕೊಟ್ಟರೆ ಆ ನಿಮಿಷಕ್ಕೂ ಬೇಕು.

ಲೈಸೆನ್ಸ್ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ನಮ್ಮ ಹಣಕಾಸಿನ ವರ್ಷದ ಹಾಗೆ, ಮರೆಯುವುದಿಲ್ಲ. ಮಾರ್ಚ್‌ ಕೊನೆಯಲ್ಲಿ ಸ್ಟೀಲ್‌ಹೆಡ್‌ಗೆ ಹೋಗುವವರು ಮಾತ್ರ ತಾರೀಖು ನೋಡಿಕೊಳ್ಳಿ. ಜತೆಗೆ ಕ್ಯಾಚ್ ರೆಕಾರ್ಡ್ ಕಾರ್ಡ್ ಅಂತ ಒಂದಿದೆ, ಅದು ಹದಿನೈದರೊಳಗಿನ ಮಕ್ಕಳಿಗೂ ಬೇಕು. ಇಟ್ಟುಕೊಂಡ ಪ್ರತಿ ಸಾಲ್ಮನ್, ಸ್ಟೀಲ್‌ಹೆಡ್ಡನ್ನೂ ಆ ಕ್ಷಣವೇ ಅದರಲ್ಲಿ ಬರೆಯಬೇಕು. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ದಂಡ.

ಹಿಡಿದ ಮೀನೆಲ್ಲ ಮನೆಗೆ ತರಬಹುದಾ?

ಇಲ್ಲ. ಎಲ್ಲವೂ ನಿಂತಿರುವುದು ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಒಂದು ರೆಕ್ಕೆಯ ಮೇಲೆ.

ಬೆನ್ನಿನ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ, ಮುಳ್ಳಿಲ್ಲದ, ಮೆತ್ತನೆಯ ಮಾಂಸದ ಕುಡಿಯೊಂದು ಇರುತ್ತದೆ. ಅಡಿಪೋಸ್ ಅನ್ನುತ್ತಾರೆ. ಹ್ಯಾಚರಿಯಲ್ಲಿ ಸಾಕಿದ ಮರಿಗಳನ್ನು ಹೊಳೆಗೆ ಬಿಡುವ ಮುಂಚೆ ಅದನ್ನು ಕತ್ತರಿಸಿ ಬಿಡುತ್ತಾರೆ. ದೊಡ್ಡದಾಗಿ ವಾಪಸ್ ಬಂದಾಗ ಆ ಜಾಗದಲ್ಲಿ ಮಾಗಿದ ಗಾಯದ ಗುರುತು. ಗುರುತಿದ್ದರೆ ಹ್ಯಾಚರಿ ಮೀನು, ಮಿತಿಯೊಳಗೆ ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಕಾಡು ಮೀನು. ಸ್ಟೀಲ್‌ಹೆಡ್ ಆದರೆ ಬಿಡಲೇಬೇಕು, ಸಾಲ್ಮನ್ ಆದರೆ ಆ ಹೊಳೆಯ ಆ ವರ್ಷದ ನಿಯಮ ನೋಡಬೇಕು. ಪ್ಯೂಜೆಟ್ ಸೌಂಡ್‌ನ ಚಿನೂಕ್ 1999ರಲ್ಲಿ, ಸ್ಟೀಲ್‌ಹೆಡ್ 2007ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿವೆ, ಸುಮ್ಮನೆ ಮಾಡಿದ ನಿಯಮವಲ್ಲ.

ಒಂದು ಫೆಬ್ರವರಿ, ಹೋ ಹೊಳೆ. ಬೂದು ನೀರು, ಕೈಬೆರಳು ಮರಗಟ್ಟಿತ್ತು. ಹನ್ನೊಂದರ ಹೊತ್ತಿಗೆ ಬೆಂಡು ಮುಳುಗಿತು, ಇಪ್ಪತ್ತು ನಿಮಿಷ ನನ್ನನ್ನು ಜಲ್ಲಿಯ ದಿಣ್ಣೆಯ ಉದ್ದಕ್ಕೂ ಓಡಾಡಿಸಿತು. ಗೈಡ್ ಮಂಡಿಮಟ್ಟ ನೀರಿಗಿಳಿದು ರಬ್ಬರಿನ ಬಲೆಯಲ್ಲಿ ಅದನ್ನು ನೀರಲ್ಲೇ ತಡೆದ. ಮೀನಿಗಿಂತ ಮೊದಲು ಅವನ ಬೆರಳು ನೋಡಿದೆ ನಾನು. ಬೆನ್ನ ಮೇಲೆ ಹಿಂದಕ್ಕೆ ಸರಿಯುತ್ತಾ ಹೋಗಿ ಒಂದು ಕಡೆ ನಿಂತಿತು. ಪುಟ್ಟ ರೆಕ್ಕೆ ಬೆರಳಿಗೆ ತಾಗಿ ಬಾಗಿ ಮತ್ತೆ ನೆಟ್ಟಗಾಯಿತು. ಏನೂ ಹೇಳಲಿಲ್ಲ ಅವನು. ಇಕ್ಕಳದಲ್ಲಿ ಗಾಳ ಬಿಡಿಸಿ, ಬಾಲದ ಬುಡ ಹಿಡಿದು ಹರಿವಿಗೆ ಮುಖ ಮಾಡಿಸಿದ. ಕಿವಿರು ನಾಲ್ಕು ಸಲ ತೆರೆದು ಮುಚ್ಚಿತು. ಆಮೇಲೆ ನನ್ನ ಮುಖಕ್ಕೆ ನೀರು ಹೊಡೆದು ಹೋಯಿತು.

ಊರಲ್ಲಿ ನಾವು ಹತ್ಮೀನನ್ನು ಹೊಟ್ಟೆ ತುಂಬ ಮೊಟ್ಟೆ ಇರುವಾಗಲೇ ಕತ್ತಿಯಲ್ಲಿ ಕಡಿದು ಗೋಣಿಚೀಲ ತುಂಬಿದವರು. ನಾನೂ ಲಾಟೀನು ಹಿಡಿದಿದ್ದೇನೆ. ಆ ದಿನ ದೋಣಿಯಲ್ಲಿ ಕೂತಾಗ ಅದೇ ತಲೆಯಲ್ಲಿತ್ತು.

ಬಿಡುವ ಮುಂಚೆ ಒಂದು ಫೋಟೋ?

ತೆಗೆಯಿರಿ, ಮೀನು ನೀರಲ್ಲೇ ಇರಲಿ. ಬಿಡಬೇಕಾದ ಸಾಲ್ಮನ್, ಸ್ಟೀಲ್‌ಹೆಡ್ಡನ್ನು ನೀರಿಂದ ಪೂರ್ತಿ ಮೇಲೆತ್ತುವುದು ಈ ರಾಜ್ಯದ ಹೊಳೆಗಳಲ್ಲಿ ಕಾನೂನಿಗೆ ವಿರುದ್ಧ. ಎದೆಗಪ್ಪಿಕೊಂಡ ಫೋಟೋ ಹಾಕಿದರೆ ನಿಮ್ಮ ಮೇಲೆ ನೀವೇ ದೂರು ಕೊಟ್ಟ ಹಾಗೆ.

ನಿಯಮ ಬದಲಾಗುತ್ತಲೇ ಇರುತ್ತದಂತೆ?

ಹೌದು, ವಾರದೊಳಗೇ ಬದಲಾಗಬಹುದು. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ನಿಯಮಪುಸ್ತಕ ಜುಲೈನಿಂದ ಜುಲೈಗೆ. ಅದರ ಮೇಲೆ ತುರ್ತು ಆದೇಶಗಳು. 2020ರ ಡಿಸೆಂಬರಿನಲ್ಲಿ ಕರಾವಳಿಯ ಹೊಳೆಗಳಲ್ಲಿ ದೋಣಿಯಲ್ಲಿ ಕೂತು ಗಾಳ ಹಾಕುವಂತಿಲ್ಲ ಅಂದರು. ದೋಣಿ ಬರೀ ಸಾಗಣೆಗೆ, ದಡಕ್ಕಿಳಿದು ಹಿಡಿಯಿರಿ. ಎರೆಗೂ ನಿಷೇಧ, ಮುಳ್ಳಿಲ್ಲದ ಒಂಟಿ ಗಾಳ ಮಾತ್ರ. 2022ರ ಮಾರ್ಚ್ 1ಕ್ಕೆ ಬರುವ ಮೀನೇ ಕಡಿಮೆ ಅಂತ ಅಲ್ಲಿ ಹಂಗಾಮನ್ನೇ ಅರ್ಧಕ್ಕೆ ಮುಚ್ಚಿದರು. ಮುಂಗಡ ಕೊಡುವಾಗಲೇ ಕೇಳಿ: ಹೊಳೆ ಮುಚ್ಚಿದರೆ ದುಡ್ಡು ವಾಪಸ್ಸೋ, ಬೇರೆ ದಿನವೋ?

ಹೊಳೆಗೆ ಅಡ್ಡ ಬಲೆ ಕಟ್ಟಿದ್ದಾರಲ್ಲ, ಅವರಿಗೆ ನಿಯಮ ಇಲ್ವಾ?

ಪ್ರತಿ ಸಲ ಯಾರಾದರೂ ಒಬ್ಬರು ಸ್ವಲ್ಪ ಸಿಟ್ಟಿನಿಂದಲೇ ಕೇಳುತ್ತಾರೆ. ಆ ಬಲೆ ಮೂಲನಿವಾಸಿಗಳದು. 1854, 1855ರ ಒಪ್ಪಂದಗಳಲ್ಲಿ ಅವರು ನೆಲ ಬಿಟ್ಟುಕೊಟ್ಟರು, ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಜಾಗಗಳ ಹಕ್ಕನ್ನು ಬಿಟ್ಟುಕೊಡಲಿಲ್ಲ. ಆದರೂ ನೂರು ವರ್ಷ ರಾಜ್ಯ ಅವರನ್ನು ತಮ್ಮದೇ ಹೊಳೆಯಲ್ಲಿ ಕಳ್ಳರ ಹಾಗೆ ಹಿಡಿದು ಹಾಕಿತು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದರು, ಮೊದಲ ಸಲ ಹದಿನಾಲ್ಕನೇ ವಯಸ್ಸಿಗೆ. 1974ರ ಫೆಬ್ರವರಿ 12ರಂದು ಫೆಡರಲ್ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಆ ಬುಡಕಟ್ಟುಗಳದು ಅಂತ ತೀರ್ಪು ಕೊಟ್ಟರು. 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುತೇಕ ಎತ್ತಿಹಿಡಿಯಿತು.

ಅವರಿಗೂ ನಿಯಮ ಉಂಟು, ದಿನ ನಿಗದಿಯುಂಟು, ಹ್ಯಾಚರಿಗಳನ್ನೂ ನಡೆಸುತ್ತಾರೆ. ಯಾವ ದಿನ ಬಲೆ ನೀರಲ್ಲಿರುತ್ತದೆ ಅಂತ ಗೈಡಿಗೆ ಗೊತ್ತು, ಅಂದು ಅವನು ಮೇಲ್ಹೊಳೆಗೆ ಹೋಗುತ್ತಾನೆ. ಮೀನು ಕಡಿಮೆಯಾದದ್ದಕ್ಕೆ ಕಾರಣ ಬೇಕಿದ್ದರೆ ಅಣೆಕಟ್ಟು, ಕಡಿದ ಕಾಡು, ಬಿಸಿಯೇರುತ್ತಿರುವ ನೀರು, ಇವುಗಳನ್ನು ಮೊದಲು ಕೇಳಬೇಕು. ಎಲ್ವಾ ಹೊಳೆಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಒಡೆದರು. ನೂರು ವರ್ಷ ಕೆಳಗೇ ತಲೆ ಬಡಿದುಕೊಂಡ ಮೀನು ಈಗ ಮೇಲೆ ಹತ್ತುತ್ತಿದೆ.

ಮಳೆ ಬಂದರೆ ಹೋಗೋದು ಬೇಡ್ವಾ?

ಮಳೆ ಬಂದರೇನೇ ಮೀನು ಹತ್ತುವುದು. ಆದರೆ ಜೋರು ಮಳೆಯ ಮರುದಿನ ಹೊಳೆ ಕೆಂಪಾಗಿ ಮರದ ದಿಮ್ಮಿ ಹೊತ್ತು ಬರುತ್ತದೆ, ಅಂದು ಬೇಡ. ಬೇಕಾದದ್ದು ಏರಿದ ನೀರು ಇಳಿಯುತ್ತಿರುವ ದಿನ. ಆಗಿನ ಬಣ್ಣಕ್ಕೆ ಇಲ್ಲಿನವರು ಸ್ಟೀಲ್‌ಹೆಡ್ ಹಸಿರು ಅನ್ನುತ್ತಾರೆ. ಹಸಿರು ಗಾಜಿನ ಬಳೆಯ ಮೂಲಕ ನೋಡಿದ ಹಾಗೆ, ಎರಡು ಮೂರು ಅಡಿ ಕಾಣಬೇಕು, ತಳ ಕಾಣಬಾರದು. ಸೋಲ್ ಡಕ್ ಬೇಗ ತಿಳಿಯಾಗುತ್ತದೆ. ಹೋ ಹಿಮನದಿಯ ಹೂಳು ಹೊತ್ತು ತರುವುದರಿಂದ ತಡ. ಹರಿವಿನ ಅಳತೆ ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆ) ತಾಣದಲ್ಲಿ ಗಂಟೆಗಂಟೆಗೂ ಸಿಗುತ್ತದೆ, ಆದರೆ ಹೋಗಬೇಕೋ ಬೇಡವೋ ಅನ್ನುವುದನ್ನು ಗೈಡಿಗೆ ಬಿಡಿ.

ಮೀನೇ ಸಿಗದಿದ್ದರೆ?

ಸಿಗದೇ ಇರಬಹುದು. ಸ್ಟೀಲ್‌ಹೆಡ್ಡನ್ನು ಸಾವಿರ ಎಸೆತದ ಮೀನು ಅಂತ ಕರೆಯುವುದು ತಮಾಷೆಗಲ್ಲ. ನನಗೆ ಮೊದಲ ಮೂರು ಪ್ರವಾಸ ಬರಿಗೈ. ಹೆಂಡತಿ ಲೆಕ್ಕ ಹಾಕಿ, ಅಷ್ಟು ದುಡ್ಡಿಗೆ ಕಾಸ್ಟ್‌ಕೋದಲ್ಲಿ ಎಷ್ಟು ಸಾಲ್ಮನ್ ಬರುತ್ತಿತ್ತು ಅಂತ ಹೇಳಿದಳು. ಲೆಕ್ಕ ಸರಿಯಾಗಿತ್ತು.

ಏನು ಹಾಕಿಕೊಳ್ಳಬೇಕು? ನನಗೆ ಈಜು ಬರಲ್ಲ.

ಈಜು ಬಂದರೂ ಆ ತಣ್ಣೀರಲ್ಲಿ ಹೆಚ್ಚು ಹೊತ್ತು ನಡೆಯುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಗೈಡ್ ಹಾಕಿಕೊಳ್ಳದಿದ್ದರೂ. ಒಳಗೆ ಉಣ್ಣೆ, ಹೊರಗೆ ಮಳೆಯಂಗಿ; ಜೀನ್ಸ್ ಬೇಡ, ಒದ್ದೆಯಾದರೆ ಸಂಜೆವರೆಗೂ ಒದ್ದೆ. ಎದೆಮಟ್ಟದ ವೇಡರ್ (ನೀರಿಗಿಳಿಯಲು ತೊಡುವ, ನೀರು ಒಸರದ ಪ್ಯಾಂಟು) ಹಾಕಿದರೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ, ಬಿದ್ದಾಗ ಒಳಗೆ ನೀರು ನುಗ್ಗುವುದನ್ನು ತಡೆಯುವುದು ಅದೇ.

ಊಟಕ್ಕೆ ಏನು ಕಟ್ಟಿಕೊಂಡು ಹೋಗಲಿ?

ಪುಳಿಯೋಗರೆ. ಬೆರಳು ಮರಗಟ್ಟಿದಾಗಲೂ ಚಮಚದಲ್ಲಿ ತಿನ್ನಬಹುದು, ಚಳಿಗೆ ಕೆಡುವುದಿಲ್ಲ. ಒಂದು ಡಬ್ಬಿ ಗೈಡಿಗೂ ಇರಲಿ. ಆದರೆ ಬಾಳೆಹಣ್ಣು ಮಾತ್ರ ತರಬೇಡಿ! ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಬೀಳುವುದಿಲ್ಲ ಅನ್ನುವುದು ಇಲ್ಲಿನವರ ಗಟ್ಟಿ ನಂಬಿಕೆ. ನಾನು ಮೊದಲ ಸಲ ಅರ್ಧ ಡಜನ್ ಏಲಕ್ಕಿ ಬಾಳೆ ಬಿಚ್ಚಿದಾಗ, ಅಷ್ಟು ಹೊತ್ತು ನಗುನಗುತ್ತಾ ಇದ್ದ ಗೈಡ್ ಹುಟ್ಟು ನಿಲ್ಲಿಸಿ ಅವನ್ನು ನೋಡಿದ. ಶುಭಕಾರ್ಯಕ್ಕೆ ಬಾಳೆಹಣ್ಣಿಲ್ಲದೆ ಆಗದು ಅಂತ ಬೆಳೆದವನಿಗೆ ಅದನ್ನು ದಡದ ಪೊದೆಗೆ ಎಸೆಯುವುದು ಸುಲಭವಾಗಲಿಲ್ಲ. ಎಸೆದ ಮೇಲೂ ಮೀನು ಬೀಳಲಿಲ್ಲ, ಅದು ಬೇರೆ ಮಾತು.

ನಾವು ಮೀನು ತಿನ್ನೋರಲ್ಲ. ಸುಮ್ಮನೆ ನೋಡಬಹುದಾ?

ಖಂಡಿತ. ಸಿಯಾಟಲ್‌ನ ಬ್ಯಾಲರ್ಡ್ ಲಾಕ್ಸ್ ಅನ್ನುವ ದೋಣಿ ದಾಟಿಸುವ ಕಟ್ಟೆಯಲ್ಲಿ ಮೀನು ಹತ್ತಿಹೋಗಲು ಕಟ್ಟಿದ ಮೆಟ್ಟಿಲಿಗೆ ಗಾಜಿನ ಕಿಟಕಿ ಇದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಸಾಲ್ಮನ್ ಮೂಗಿನ ಮುಂದೆಯೇ ಹತ್ತುತ್ತದೆ. ಅಕ್ಟೋಬರಿನಲ್ಲಿ ಇಸಾಕ್ವಾ ಹ್ಯಾಚರಿ. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕಿದ ಅಭ್ಯಾಸಬಲದಿಂದ ಇಲ್ಲಿ ಏನಾದರೂ ಎಸೆಯಬೇಡಿ. ಫೋರ್ಕ್ಸ್ ದಾರಿಯಲ್ಲಿ ಸೋಲ್ ಡಕ್‌ನ ಸಾಲ್ಮನ್ ಕ್ಯಾಸ್ಕೇಡ್ಸ್ ಅಂತ ಒಂದು ಜಾಗ ಇದೆ, ಮಳೆಯ ನಂತರ ಕೋಹೋ ಬಂಡೆಯಿಂದ ಬಂಡೆಗೆ ನೆಗೆಯುತ್ತದೆ.

ನಮ್ಮ ಕಾವೇರಿಯಲ್ಲೂ ಹೀಗೆ ಇತ್ತಲ್ಲ?

ಇತ್ತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿ ಶಿಬಿರಗಳಲ್ಲಿ ಸ್ಥಳೀಯರೇ ಗೈಡುಗಳು, ಗಾಳಕ್ಕೆ ರಾಗಿ ಮುದ್ದೆ, ಹಿಡಿದ ಮಹಶೀರ್ ವಾಪಸ್ ನೀರಿಗೆ. ಅಭಯಾರಣ್ಯದೊಳಗೆ ಗಾಳ ಕೂಡದು ಅಂತ ನಿಲ್ಲಿಸಿದರು. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು.

ಸಿಕ್ಕ ಮೀನನ್ನು ಸಾರು ಮಾಡಬಹುದಾ?

ಬೆಳ್ಳಿಯಂತೆ ಹೊಳೆಯುವ ಮೀನನ್ನು ಮಾತ್ರ ತನ್ನಿ. ಕಪ್ಪಾಗಿ, ಮೂತಿ ಕೊಕ್ಕೆಯಾದದ್ದರ ಮಾಂಸ ಬಿಳಚಿ ಮೆತ್ತಗಾಗಿರುತ್ತದೆ. ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿಸಿ, ಐಸಿಗೆ ಹಾಕಿ. ಕೋಹೋ ಸಾರಿಗೆ ಆಗುತ್ತದೆ, ಆದರೆ ಬಂಗುಡೆಯ ಹಾಗೆ ಕುದಿಸಿದರೆ ಚೂರುಚೂರು. ಮಸಾಲೆ ಪೂರ್ತಿ ಕುದ್ದ ಮೇಲೆ ತುಂಡು ಬಿಟ್ಟು ಐದು ನಿಮಿಷಕ್ಕೆ ಇಳಿಸಿ. ಎಣ್ಣೆ ಮೀನು, ಹುಳಿ ಮುಂದಿರಲಿ. ಊರಿಂದ ತಂದ ವಾಟೆಹುಳಿ ಇದ್ದರೆ ಹುಣಸೆ ಮುಟ್ಟಬೇಡಿ. ಪಿಂಕ್ ಸಾರಿಗೆ ಆಗದು, ಅದನ್ನು ರವೆ ಹಚ್ಚಿ ಕಾವಲಿ ಮೇಲೆ ಹುರಿಯಿರಿ, ಅಡುಗೆಮನೆ ಕಿಟಕಿ ತೆಗೆದಿಟ್ಟು. ಅಪಾರ್ಟ್‌ಮೆಂಟಿನ ಹೊಗೆ ಅಲಾರಂಗೆ ಮೀನು ಹುರಿಯುವುದು ಗೊತ್ತಾಗಿಬಿಡುತ್ತದೆ.